ಪರೀಕ್ಷಾ ಬಾವಿಗೆ ಕುಡಿಯುವ ನೀರು

ಊರವರೆಲ್ಲ ‘ಪೀಪಾಯಿ’ ಎಂದೇ ಕರೆಯುತ್ತಿದ್ದ ವೈನ್ ಕಾರ್ಖಾನೆಯ ಯಜಮಾನನಿಗೆ ಬುದ್ಧಿ ಕಡಿಮೆಯೇನಿರಲಿಲ್ಲ. ಸ್ವಲ್ಪ ಹೆಚ್ಚೇ ಇತ್ತು, ಬಂದ ತೊಂದರೆಯೇ ಅದು. ತೋಟದಲ್ಲಿ ದ್ರಾಕ್ಷಿ ಹಣ್ಣಾಗಿ ನಿಂತಿತ್ತು. ಅಂತರ್ಜಲ ಇಲಾಖೆಯ ತಪಾಸಕಿ ‘ಸರಿಯಿದೆ’ ಎಂದು ಬರೆದರಷ್ಟೇ ಹಣ್ಣು ಹಿಂಡಲು ಅನುಮತಿ. ಇಲ್ಲವಾದರೆ ವರ್ಷದ ಬೆಳೆಯೆಲ್ಲ ಹಕ್ಕಿಗಳ ಪಾಲು.

ತೊಟ್ಟಿ ತೊಳೆದ ಕೊಳೆನೀರನ್ನು ಶುದ್ಧ ಮಾಡಿಯೇ ಹೊರಬಿಡಬೇಕು ಎಂಬುದು ನಿಯಮ. ಪೀಪಾಯಿ ಅದನ್ನು ಹಿತ್ತಲ ಗುಂಡಿಗೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದ. ಗುಂಡಿಯ ಪಕ್ಕದಲ್ಲೇ ಇಲಾಖೆಯವರು ಕೊರೆಸಿದ ಪರೀಕ್ಷಾ ಕೊಳವೆಬಾವಿಯಿತ್ತು. ಅದರ ನೀರೋ, ಮೂಗು ಮುಚ್ಚಿಕೊಳ್ಳುವಷ್ಟು ಹುಳಿ. ತಪಾಸಣೆಯ ಹಿಂದಿನ ದಿನ ಅದನ್ನೆಲ್ಲ ಎಳೆದು ಚೆಲ್ಲಿಸಿ, ಮನೆಯ ಟ್ಯಾಂಕಿನಿಂದ ಪೈಪು ಹಾಕಿ ಸಂಜೆಯವರೆಗೆ ಬಾವಿ ತುಂಬಿಸಿದ. ಅವರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುವವನು ಎಂದು ಹೆಂಡತಿಯ ಮುಂದೆ ಮೀಸೆ ತಿರುವಿದ್ದೂ ಆಯಿತು.

ಇಳಿಜಾರಿನ ಕೆಳಗೆ ಅವನ ಅಕ್ಕನ ಮನೆ, ಅಲ್ಲೇ ಅವಳ ಬಾವಿ. ನೀರು ಯಾಕೋ ವಾಸನೆ ಕಣೋ ಎಂದು ಅವಳು ಅಂದಾಗಲೆಲ್ಲ, ನಿನ್ನ ಮೂಗಿಗೆ ವಯಸ್ಸಾಯಿತು ಎಂದು ನಗಿಸಿ ಕಳಿಸುತ್ತಿದ್ದ. ಪಾಪ, ತಮ್ಮನ ಮಾತನ್ನು ಅವಳು ನಂಬಿದ್ದಳು. ಕೆಳಗಿನ ಮನೆಯವರಿಗೆ ಏನೂ ತೊಂದರೆಯಿಲ್ಲ ಎಂದು ಸಾಕ್ಷಿ ಹೇಳಿಸಲು ಈ ಮಹರಾಯ ತಪಾಸಣೆಯ ದಿನ ಅವಳನ್ನೇ ಕರೆತಂದಿದ್ದ.

ತಪಾಸಕಿ ಪರೀಕ್ಷಾ ಬಾವಿಯ ನೀರನ್ನು ಸೀಸೆಗೆ ತುಂಬಿ ಔಷಧಿಯ ಹನಿ ಬಿಟ್ಟಳು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಬಾವಿಯಲ್ಲಿ ವೈನೇ ಬಂತೇ ಎಂದು ಪೀಪಾಯಿ ಬಗ್ಗಿ ಸೀಸೆಯೊಳಗೆ ಇಣುಕಿದ.

“ಇದು ಕ್ಲೋರಿನ್ನು, ಕುಡಿಯೋ ನೀರಿಗೆ ಹಾಕೋದು. ನೆಲದೊಳಗಿನ ನೀರಿಗೆ ಕ್ಲೋರಿನ್ ಹಾಕಿದ್ಯಾರು ಸ್ವಾಮಿ?”

ಮಳೆ ಇರಬಹುದು ಎಂದ. ಎಲ್ಲೋ ನಲ್ಲಿ ಪೈಪು ಸೋರಿರಬಹುದು ಎಂದ. ಈ ಕಡೆ ನಲ್ಲಿ ಪೈಪೇ ಬಂದಿಲ್ಲವಲ್ಲ ಎಂದಳು ತಪಾಸಕಿ. ಕೊನೆಗೆ ಬೆವರೊರೆಸಿಕೊಂಡು, ಅದು ಮನೆಯ ಟ್ಯಾಂಕಿನದು, ಟ್ಯಾಂಕರಿನಲ್ಲಿ ತರಿಸಿದ ಒಳ್ಳೆ ಕುಡಿಯುವ ನೀರು, ಬೇಕಾದರೆ ಇಲ್ಲೇ ಕುಡಿದು ತೋರಿಸುತ್ತೇನೆ ಎಂದು ಬಡಬಡಿಸಿದ.

ಅಕ್ಕ ಅವನನ್ನೇ ನೋಡಿದಳು. “ನಿಮ್ಮನೇಲಿ ಕುಡಿಯೋದು ಟ್ಯಾಂಕರ್ ನೀರಾ? ಯಾವಾಗಿಂದ?”

“ಎರಡು ವರ್ಷ ಆಯ್ತಕ್ಕ...”

ಅವಳು ಬೈದಿದ್ದರೆ ಹೇಗೋ ನಿಭಾಯಿಸುತ್ತಿದ್ದ. ಚಿಕ್ಕಂದಿನಿಂದ ಬೈಸಿಕೊಂಡೇ ಬೆಳೆದವನು. ಅವಳು ಬೈಯಲಿಲ್ಲ. ಅವನಿಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಅಕ್ಕ ತಪಾಸಕಿಯ ಕಡೆ ತಿರುಗಿದಳು. “ಇನ್ನೊಂದು ಬಾಟ್ಲು ಇದ್ರೆ ತಗೊಂಡು ಬಾಮ್ಮ. ನಮ್ಮ ಬಾವಿ ನೀರೂ ನೋಡು. ನನ್ನ ಮೊಮ್ಮಗು ಅದನ್ನೇ ಕುಡಿಯೋದು.”