ಎಕ್ಸರೇ ಕೋಣೆಯ ಬಾಚಣಿಗೆ

ಅದನ್ನು ಮೊದಲು ಬಾಚಣಿಗೆ ಎಂದವಳು ಆಸ್ಪತ್ರೆಯ ನೆಲ ಒರೆಸುವ ಹೆಂಗಸು. ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು, ತಲೆಯನ್ನು ಒಮ್ಮೆ ಆಚೆ ಒಮ್ಮೆ ಈಚೆ ವಾಲಿಸಿ ನೋಡಿದಳು. "ಬಾಚಣಿಗೆ ಅಲ್ವೇನಮ್ಮ ಇದು? ಆಸ್ಪತ್ರೇಲಿ ತಲೆ ಬಾಚೋಕೂ ಶುರು ಮಾಡಿದ್ರಾ?"

ಚಿತ್ರ ಬರೆದ ಹುಡುಗಿ ಅವಳ ಬೆನ್ನ ಹಿಂದೆ ನಿಂತು, ತುಟಿ ಕಚ್ಚಿ, ಹಾಳೆಯ ಮೇಲೆ 'ಬಾಚಣಿಗೆ' ಎಂದು ಬರೆದುಕೊಂಡಳು. ಅದು ಬಾಚಣಿಗೆಯಾಗಿರಲಿಲ್ಲ, ಎದೆಗೂಡು. ಕಪ್ಪು ಚೌಕದೊಳಗೆ ಒಂದು ಬಿಳಿ ಬೆನ್ನುಮೂಳೆ, ಅದರ ಒಂದೇ ಪಕ್ಕಕ್ಕೆ ಚಾಚಿಕೊಂಡ ಏಳು ಪಕ್ಕೆಲುಬು. ಎರಡೂ ಪಕ್ಕಕ್ಕೆ ಬರೆದರೆ ಮೀನಿನ ಮುಳ್ಳಿನಂತೆ ಕಾಣುತ್ತದೆಂದು ಒಂದು ಪಕ್ಕವನ್ನು ಅಳಿಸಿ, ಉಳಿದ ಏಳು ಗೆರೆಗಳ ನಡುವಿನ ಅಂತರವನ್ನು ಕೂದಲೆಳೆ ಕೂದಲೆಳೆ ಸರಿಸಿ, ಮೂರು ವಾರ ಅದರ ಮುಂದೆ ಕೂತಿದ್ದಳು. ಅವಳ ಹನ್ನೆರಡು ಚಿತ್ರಗಳಲ್ಲಿ ಅವಳ ಮುದ್ದಿನ ಕೂಸೆಂದರೆ ಅದೇ.

ಎರಡನೆಯವನು ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವನು. ಅವನೂ ಬಾಚಣಿಗೆ ಎಂದ. ಮೂರನೆಯವನು ಮೊಮ್ಮಗಳ ಜೊತೆ ಬಂದಿದ್ದ ಒಬ್ಬ ಮುದುಕ, ಆತ ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಬರೀ ಬಾಚಣಿಗೆ ಅಲ್ಲಮ್ಮ, ಹೇನು ತೆಗೆಯೋ ಸೀರಣಿಗೆ. ಹಲ್ಲು ಎಷ್ಟು ಒತ್ತೊತ್ತಾಗಿದೆ ನೋಡು" ಎಂದು ಉಪಕಾರ ಮಾಡಿದ. ಹುಡುಗಿ ಮೂರು ಹಾಳೆಗಳನ್ನೂ ಮಡಚಿ ಚೀಲಕ್ಕೆ ತುರುಕಿ, ಮನೆಗೆ ಬಂದು ಮೇಜಿನ ಕೆಳಗಿನ ಖಾನೆಗೆ ಹಾಕಿ ಮುಚ್ಚಿದಳು.

ಮನೆಯಲ್ಲಿ ಅವಳ ಹೆಸರು ಗೀಚಿ. ಚಿಕ್ಕಂದಿನಲ್ಲಿ ಗೋಡೆ, ನೆಲ, ಮಲಗಿದವರ ಅಂಗಾಲು ಎನ್ನದೆ ಗೀಚುತ್ತಿದ್ದಳೆಂದು ದೊಡ್ಡಮ್ಮ ಇಟ್ಟ ಹೆಸರು. ಅವ್ವ ತೀರಿದ ಮೇಲೆ ಅವಳನ್ನು ಸಾಕಿದ್ದೂ ಅದೇ ದೊಡ್ಡಮ್ಮ. ಈಗ ಗೀಚಿ ವಿಶ್ವವಿದ್ಯಾಲಯದಲ್ಲಿ ಸಂವಹನ ವಿನ್ಯಾಸದ ಕೊನೆಯ ವರ್ಷ ಓದುತ್ತಿದ್ದಳು. ಅದೆಂಥ ಓದು ಎಂದು ಅಕ್ಕಪಕ್ಕದವರು ಕೇಳಿದರೆ ದೊಡ್ಡಮ್ಮ, "ಬಾಯಿ ಬಿಡದೆ ಮಾತಾಡೋ ಓದು. ಬೋರ್ಡು, ಚಿತ್ರ, ಬಣ್ಣ, ಇವುಗಳ ಕೈಲಿ ಹೇಳಿಸೋದು. ಇವಳ ಬಾಯಿಗೆ ರಜಾ ಸಿಕ್ಕಿದ್ದೇ ನಮ್ಮ ಪುಣ್ಯ" ಎನ್ನುತ್ತಿದ್ದಳು. ಯಾವ ಪ್ರಾಧ್ಯಾಪಕರೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಕೊನೆಯ ವರ್ಷದ ಕೆಲಸ ಸಣ್ಣದಲ್ಲ. ಓದು ಬಾರದವರೂ ದಾರಿ ಕೇಳದೆ ಓಡಾಡುವಂತೆ ದೊಡ್ಡಾಸ್ಪತ್ರೆಗೆ ಚಿತ್ರದ ಫಲಕಗಳನ್ನು ಮಾಡುವುದು. ಚೆನ್ನಾಗಿದ್ದರೆ ಮೊದಲು ಹೊರರೋಗಿಗಳ ಕಟ್ಟಡದಲ್ಲಿ ಒಂದು ತಿಂಗಳು ಹಾಕಿ ನೋಡುತ್ತಾರೆ. ಆಮೇಲೆ ಇಡೀ ಆಸ್ಪತ್ರೆಗೆ. ಪಾಠ ಹೇಳುವ ಮೇಡಂಗೆ ಮಕ್ಕಳು ಇಟ್ಟ ಹೆಸರು 'ಅಳಿಸು ಮೇಡಂ', ಯಾರು ಏನು ತಂದು ತೋರಿಸಿದರೂ ಅವರ ಬಾಯಿಂದ ಮೊದಲು ಬರುವ ಮಾತೇ ಅದು. ಪರೀಕ್ಷೆಯ ವಿಷಯದಲ್ಲಿ ಅವರದು ಒಂದೇ ಕಟ್ಟಪ್ಪಣೆ. "ನೋಡೋರ ಹಿಂದೆ ನಿಂತ್ಕೊ. ಮುಂದೆ ನಿಂತ್ರೆ ನಿನ್ನ ಮುಖಾನೇ ಒಂದು ಬೋರ್ಡು. ಜನ ಅದನ್ನ ಓದ್ತಾರೆ, ಚಿತ್ರಾನ ಅಲ್ಲ."

ದೊಡ್ಡಮ್ಮನಿಗೆ ಅಕ್ಷರ ಬಾರದು. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಅದು. ಎಲ್ಲಿ ಓದಬೇಕಾಗಿ ಬಂದರೂ ಅವಳ ಕನ್ನಡಕ ಮನೆಯಲ್ಲಿ ಮರೆತುಹೋಗಿರುತ್ತಿತ್ತು. ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಮೂವತ್ತು ವರ್ಷದಿಂದ ಕಾಜಾ ಮಾಡಿ ಗುಂಡಿ ಹಚ್ಚುವ ಕೆಲಸ. ಗಿರಾಕಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಾಗ, ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದವಳು ಒಂದು ಸಲ ಅವನ ಮುಖ ನೋಡುವಳು, ಅವನಿನ್ನೂ ಬಾಯಿ ತೆರೆದಿರುವುದಿಲ್ಲ, "ಮೇಷ್ಟ್ರೇ, ಬಗಲು ಬಿಗಿ" ಎಂದು ಹೇಳಿಬಿಡುವಳು. ಅಂಗಡಿಯ ಯಜಮಾನ ಅಳತೆಪಟ್ಟಿಯನ್ನಾದರೂ ಅನುಮಾನಿಸಿಯಾನು, ಅವಳ ಮಾತನ್ನಲ್ಲ.

ಇದೆಲ್ಲ ಗೀಚಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ದೊಡ್ಡಮ್ಮನನ್ನು ಕಾಲೇಜಿಗೆ ಕರೆದುಕೊಂಡು ಹೋದಳು.

ಹನ್ನೆರಡು ಚಿತ್ರಗಳನ್ನು ಓಣಿಯ ಉದ್ದಕ್ಕೂ ಅಂಟಿಸಿದ್ದಳು. ವಿಡಿಯೋದಲ್ಲಿ ಮುಖ ಕಾಣಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಫೋನು ಹಿಡಿದು ಎದುರಿಗೇ ನಿಂತಳು. ದೊಡ್ಡಮ್ಮ ಹೊಸ ಸೀರೆಯುಟ್ಟು, ವಧುಪರೀಕ್ಷೆಗೆ ಬಂದವಳಂತೆ ಒಂದೊಂದರ ಮುಂದೂ ನಿಂತು ಹೇಳುತ್ತ ಬಂದಳು. "ಇದು ಔಷಧಿ ಕೊಡೋ ಜಾಗ. ಇದು ಕಣ್ಣು. ಇದು... ಹಲ್ಲಲ್ಲ, ರಕ್ತ, ರಕ್ತ ತೆಗೆಯೋದು." ಎದೆಗೂಡಿನ ಮುಂದೆ ಬಂದಳು. ದೊಡ್ಡಮ್ಮ, "ಇದು ಬಾ..." ಎಂದಳು, ಗೀಚಿಯ ಕಡೆ ನೋಡಿದಳು. ಗೀಚಿಯ ಹುಬ್ಬು ಒಂದಿಷ್ಟೇ ಗಂಟಾಯಿತು. "...ಬಾ, ನೋಡು, ಇದು ಮೂಳೆ. ಮೂಳೆ ಫೋಟೋ ತೆಗೆಯೋದು!" ಗೀಚಿಯ ಮುಖ ಹೂವಾಯಿತು. ದೊಡ್ಡಮ್ಮನದೂ ಆಯಿತು. ಹನ್ನೆರಡಕ್ಕೆ ಹನ್ನೆರಡು.

ವಿಡಿಯೋ ನೋಡಿದ ಮೇಡಂ ಆ ವರ್ಷ ಮೊದಲ ಸಲ ಅಳಿಸು ಎನ್ನಲಿಲ್ಲ. "ಹಿಂದೆ ನಿಂತಿದ್ದೆ ತಾನೆ?" ಎಂದು ಮಾತ್ರ ಕೇಳಿದರು.

"ಹೂಂ ಮೇಡಂ. ಫೋನು ಸ್ಟ್ಯಾಂಡ್ ಮೇಲಿತ್ತು" ಎಂದಳು ಗೀಚಿ. ಸುಳ್ಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬಂತು.

ಫಲಕಗಳು ಆಸ್ಪತ್ರೆಯ ಗೋಡೆ ಏರಿದವು. ಒಂದು ತಿಂಗಳು ಮುಗಿಯುವ ಹೊತ್ತಿಗೆ ದೊಡ್ಡಮ್ಮನ ಬಲಗೈ ಹೆಬ್ಬೆರಳು ಊದಿಕೊಂಡಿತು. ಸೂಜಿ ಹಿಡಿದರೆ ಪ್ರಾಣ ಹೋದಂತಾಗುತ್ತಿತ್ತು. ಡಾಕ್ಟರು ಎಕ್ಸರೇ ಬರೆದುಕೊಟ್ಟರು. ಜೊತೆಗೆ ಬರ್ತೀನಿ ಎಂದು ಗೀಚಿ ಹೇಳಿದ್ದಕ್ಕೆ ದೊಡ್ಡಮ್ಮ, "ನೀನ್ಯಾಕೆ ತಾಯಿ? ನಿನ್ನ ಬೋರ್ಡಿದೆಯಲ್ಲ, ಅದೇ ಕೈ ಹಿಡ್ಕೊಂಡು ಕರ್ಕೊಂಡು ಹೋಗುತ್ತೆ" ಎಂದು ಎದೆಯುಬ್ಬಿಸಿದಳು. ಗೀಚಿ ಒತ್ತಾಯ ಮಾಡಲಿಲ್ಲ.

ಆ ವಾರದ ಕೊನೆಗೆ ಮೇಡಂ ಮತ್ತು ಗೀಚಿ ಫಲಕಗಳ ಫೋಟೋ ತೆಗೆಯಲು ಆಸ್ಪತ್ರೆಗೆ ಹೋದರು. ಆಡಳಿತಾಧಿಕಾರಿಯೇ ಖುದ್ದಾಗಿ ಜೊತೆಗೆ ಬಂದರು. ಬಸುರಿಯರ ತಪಾಸಣೆಯ ಕೋಣೆಯ ಮುಂದೆ ಗೀಚಿ ಕ್ಯಾಮರಾ ಎತ್ತಿ ಕಣ್ಣಿಗಿಟ್ಟಳು. ಮೇಲೆ ಅವಳ ಚಿತ್ರ, ದೊಡ್ಡ ವೃತ್ತದೊಳಗೆ ಒಂದು ಚಿಕ್ಕ ವೃತ್ತ. ಕೆಳಗೆ ಬೆಂಚಿನ ಮೇಲೆ ಹೊಟ್ಟೆ ಹೊತ್ತ ಎಂಟು ಹೆಂಗಸರು. ಅವರ ನಡುವೆ, ಚೀಟಿಯನ್ನು ಎಡಗೈಯಲ್ಲಿ ಹಿಡಿದು ನೆಟ್ಟಗೆ ಕೂತಿದ್ದವಳು ದೊಡ್ಡಮ್ಮ.

"ಎಷ್ಟನೇ ತಿಂಗಳು ಅಜ್ಜಿ?" ಎಂದು ಪಕ್ಕದವಳು ಕೇಳಿದಳು. ಬೆಂಚೆಲ್ಲ ನಕ್ಕಿತು.

"ಅರವತ್ತೆರಡು ವರ್ಷ ಆಯ್ತು ಕಣಮ್ಮ. ನನ್ನ ಹೊಟ್ಟೇಲಿರೋದು ಈಚೆಗೆ ಬರೋ ಹಾಗೇ ಕಾಣಲ್ಲ" ಎಂದು ದೊಡ್ಡಮ್ಮನೂ ನಕ್ಕಳು. ಆದರೆ ಕಿವಿ ಕೆಂಪಾಗಿತ್ತು.

ಅಷ್ಟರಲ್ಲಿ ನರ್ಸು ಹೊರಗೆ ಬಂದು ಅವಳ ಚೀಟಿ ಕಿತ್ತುಕೊಂಡು ನೋಡಿದಳು. "ಎರಡು ಗಂಟೆಯಿಂದ ಇಲ್ಲೇ ಕೂತಿದ್ದೀರಲ್ಲ! ಇದು ಎಕ್ಸರೇ. ಅಲ್ಲಿ ಅಷ್ಟು ದೊಡ್ಡ ಚಿತ್ರ ಹಾಕಿದ್ದಾರೆ, ಕಾಣಲ್ವಾ?"

"ಕನ್ನಡಕ ಮರ್ತು ಬಂದೆ ತಾಯಿ" ಎಂದಳು ದೊಡ್ಡಮ್ಮ.

ಆಡಳಿತಾಧಿಕಾರಿ ಮೇಡಂ ಕಡೆಗೆ ಬಾಗಿ, "ಇಂಥವರು ಒಬ್ಬಿಬ್ಬರು ಇದ್ದೇ ಇರ್ತಾರೆ. ಅದಕ್ಕೆ ಬೋರ್ಡೇನು ಮಾಡುತ್ತೆ ಪಾಪ" ಎಂದರು.

'ಅದು ನಮ್ಮ ದೊಡ್ಡಮ್ಮ' ಎನ್ನಬೇಕಿತ್ತು. ಮೂರೇ ಮಾತು. ಗೀಚಿ ಕ್ಯಾಮರಾವನ್ನು ಕಣ್ಣಿಂದ ಇಳಿಸದೆ ಒಂದು ಹೆಜ್ಜೆ ಹಿಂದೆ ಸರಿದಳು, ಇನ್ನೊಂದು ಹೆಜ್ಜೆ, ಕಂಬ ಸಿಕ್ಕಿತು. ಅಲ್ಲಿ ಅವಳು ಕ್ಯಾಮರಾ ಇಳಿಸುವುದಕ್ಕೂ ದೊಡ್ಡಮ್ಮ ತಲೆಯೆತ್ತುವುದಕ್ಕೂ ಸರಿಹೋಯಿತು. ಅಷ್ಟು ದೂರದಿಂದಲೇ ಗೀಚಿಯ ಮುಖ ಕಂಡಿತು, ಅದರಲ್ಲಿದ್ದುದೂ ಕಂಡಿತು. ತಕ್ಷಣ ಕತ್ತು ಹೊರಳಿಸಿ, ಗುರುತೇ ಇಲ್ಲದವಳ ಹಾಗೆ ಗೋಡೆ ನೋಡತೊಡಗಿದಳು. ವಿಡಿಯೋದಲ್ಲಿ ದೊಡ್ಡಮ್ಮನ ಮುಖವನ್ನು ನೋಡಿದ್ದ ಮೇಡಂ, ಬೆಂಚಿನ ಕಡೆ ತಿರುಗದೆ, ಅಷ್ಟೊತ್ತಿಗೆ ಮುಂದಿನ ಫಲಕಕ್ಕೆ ಹೋಗಿಯಾಗಿತ್ತು.

ಸಂಜೆ ಗೀಚಿ ಮನೆಗೆ ಬಂದಾಗ ದೊಡ್ಡಮ್ಮ ಎಡಗೈಯಲ್ಲಿ ತರಕಾರಿ ಹೆಚ್ಚಲು ಹೆಣಗುತ್ತಿದ್ದಳು.

"ಹೋಗಿದ್ದೆ ಆಸ್ಪತ್ರೆಗೆ" ಎಂದಳು. "ನಿನ್ನ ಬೋರ್ಡು ಕನ್ನಡಿ ಹಂಗಿದೆ. ಸೀದಾ ಹೋದೆ, ಸೀದಾ ಬಂದೆ."

"ಫಿಲಂ ಎಲ್ಲಿ?"

"ಅದು... ನಾಳೆ ಬಾ ಅಂದ್ರು."

ಗೀಚಿ ಅವಳ ಎದುರಿಗೆ ಕೂತು ಚಾಕು ತೆಗೆದುಕೊಂಡಳು. ಆಮೇಲೆ ದೊಡ್ಡಮ್ಮನೇ, ಊದಿದ ಹೆಬ್ಬೆರಳನ್ನು ನೋಡುತ್ತ, ತಗ್ಗಿದ ದನಿಯಲ್ಲಿ ಶುರುಮಾಡಿದಳು.

"ಒಂದು ಮಾತು ಹೇಳ್ತೀನಿ, ಬೈಬೇಡ. ಆವತ್ತು ಕಾಲೇಜಲ್ಲಿ ನಿಂಗೆ ಮೋಸ ಮಾಡ್ಬಿಟ್ಟೆ ಕಣೇ. ನಂಗೆ ಒಂದು ಚಿತ್ರಾನೂ ಸರಿಯಾಗಿ ಗೊತ್ತಾಗ್ಲಿಲ್ಲ. ನಿನ್ನ ಮುಖ ನೋಡ್ಕೊಂಡು ಹೇಳಿದೆ. ಫೇಲಾದ್ರೆ ನಿಂಗೆ ಅವಮಾನ ಅಂತ. ಇವತ್ತು ನೋಡು, ದಾರಿ ಹುಡುಕೋವಾಗ ನಿನ್ನ ಮುಖ ಎದುರಿಗಿರಲಿಲ್ಲ, ಕುರುಡಿ ಹಂಗೆ ತಿರುಗಿದೆ. ಆ ಸುತ್ತು ಚಿತ್ರಾನ ಉಂಗುರ ಅನ್ಕೊಂಡೆ. ಉಂಗುರ ಅಂದ್ರೆ ಬೆರಳು, ನಂದೂ ಬೆರಳು ನೋವಲ್ವಾ ಅಂತ ಅಲ್ಲೇ ಕೂತೆ. ನನ್ನ ದಡ್ಡತನಕ್ಕೆ ನಿನ್ನ ಓದು ಹಾಳಾಗ್ಬಾರ್ದಮ್ಮ. ಕ್ಷಮಿಸು."

ಗೀಚಿಯ ಕೈಯಲ್ಲಿ ಚಾಕು ನಿಂತಿತು. ಈಗ ಹೇಳಬೇಕಾದದ್ದು ಇತ್ತು: ಆ ಮೂರು ಹಾಳೆ, ಮಡಚಿಟ್ಟ ಖಾನೆ, ಗಂಟಾದ ಹುಬ್ಬು. ಅವಳ ಬಾಯಿಂದ ಬಂದದ್ದು ಬೇರೆ.

"ಹೋಗ್ಲಿ ಬಿಡು ದೊಡ್ಡಮ್ಮ. ಪರವಾಗಿಲ್ಲ."

ದೊಡ್ಡಮ್ಮ ಕಣ್ಣೊರೆಸಿಕೊಂಡು, "ನೀನು ಬಂಗಾರ" ಎಂದಳು. ರಾತ್ರಿ ಗೀಚಿ ಅರ್ಧ ಊಟಕ್ಕೇ ತಟ್ಟೆ ಸರಿಸಿ ಎದ್ದಳು. ತಾನು ಮಾಡಿದ ತಪ್ಪಿಗೆ ಇನ್ನೊಬ್ಬರನ್ನು ಕ್ಷಮಿಸಿದವಳಿಗೆ ಅನ್ನ ಇಳಿಯುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ, ಇಡೀ ಆಸ್ಪತ್ರೆಗೆ ಫಲಕ ಹಾಕುವ ಕಾಗದಕ್ಕೆ ಸಹಿ ಬೀಳುವ ಮೊದಲು, ಅವಳು ಮೇಡಂ ಕೋಣೆಗೆ ಹೋದಳು. ವಿಡಿಯೋ ಹಚ್ಚಿ ತೋರಿಸಿದಳು. "ಮೇಡಂ, ಕಣ್ಣು ನೋಡಿ. ಹನ್ನೆರಡು ಸಲಾನೂ ಚಿತ್ರ ನೋಡಿದ ಮೇಲೆ ಫೋನ್ ಕಡೆ ನೋಡ್ತಾರೆ. ಫೋನು ಸ್ಟ್ಯಾಂಡ್ ಮೇಲಿರಲಿಲ್ಲ. ನಾನು ಹಿಡ್ಕೊಂಡು ಎದುರಿಗೇ ನಿಂತಿದ್ದೆ. ಅವರು ನನ್ನ ಮುಖ ಓದಿದ್ದು. ನಿನ್ನೆ ಆಸ್ಪತ್ರೇಲಿ ದಾರಿ ತಪ್ಪಿ ಕೂತಿದ್ರಲ್ಲ, ಅವರೇ ಇವರು. ನಮ್ಮ ದೊಡ್ಡಮ್ಮ."

ಮೇಡಂ ವಿಡಿಯೋವನ್ನು ಎರಡು ಸಲ ನೋಡಿದರು. "ಚಿತ್ರ ಕೆಲಸ ಮಾಡ್ತಿಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೆ" ಎಂದಳು ಗೀಚಿ.

ಮೇಡಂ ಕುರ್ಚಿಗೆ ಒರಗಿದರು. ಮುಖ ಮೆತ್ತಗಾಯಿತು. "ಎದುರಿಗೆ ನಿಂತಿದ್ದು ತಪ್ಪು, ಸುಳ್ಳು ಹೇಳಿದ್ದು ಇನ್ನೂ ತಪ್ಪು. ಆದ್ರೆ ಗೊತ್ತಾದ ಮರುದಿನಾನೇ ಬಂದು ಹೇಳೋ ಧೈರ್ಯ ಎಷ್ಟು ಮಕ್ಕಳಿಗಿರುತ್ತೆ? ಮೆಚ್ಚಿದೆ. ಈ ವಿಡಿಯೋ ನಂಗೆ ಕೊಡು. ಬರೋ ವರ್ಷದ ಕ್ಲಾಸಿಗೆ ತೋರಿಸ್ತೀನಿ. ನಮ್ಮನ್ನ ಮೆಚ್ಚಿಸೋಕೆ ಹೀಗೂ ಸುಳ್ಳು ಹೇಳ್ತಾರೆ, ಇಂಥವರನ್ನ ಪರೀಕ್ಷೆಗೆ ಕರೀಬೇಡಿ ಅಂತ."

ಪರದೆಯ ಮೇಲೆ ದೊಡ್ಡಮ್ಮ, ಹೊಸ ಸೀರೆಯಲ್ಲಿ, ಬಾಯಿ ತುಂಬ ನಗುತ್ತ ನಿಂತುಬಿಟ್ಟಿದ್ದಳು.

ಗೀಚಿ ಬಾಗಿಲವರೆಗೆ ಹೋದಳು. ಹಿಡಿಕೆಯ ಮೇಲೆ ಕೈಯಿಟ್ಟಳು. ವಾಪಸು ಬಂದು, ಬೆಳಿಗ್ಗೆ ಖಾನೆಯಿಂದ ತಂದಿದ್ದ ಮೂರು ಹಾಳೆಗಳನ್ನು ಚೀಲದಿಂದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆ ಬಿದ್ದ ಜಾಗದಲ್ಲಿ ಕಾಗದ ಹರಿಯುವಂತಾಗಿತ್ತು. ಮೂರರಲ್ಲೂ ಅವಳದೇ ಅಕ್ಷರ, ಮೇಲೆ ತಾರೀಖು: ದೊಡ್ಡಮ್ಮನ ಪರೀಕ್ಷೆಗೆ ಹತ್ತು ದಿನ ಮೊದಲಿನದು.

"ನಿನ್ನೆ ಅಲ್ಲ ಮೇಡಂ" ಎಂದಳು.

ಮೇಡಂ ಓದಿದರು. ಬಾಚಣಿಗೆ. ಬಾಚಣಿಗೆ. ಸೀರಣಿಗೆ. ಆಮೇಲೆ, "ದೊಡ್ಡಮ್ಮಂಗೆ ಇದು ಗೊತ್ತಾ?" ಎಂದರು.

"ಇಲ್ಲ. ತಪ್ಪು ತಮ್ಮದು ಅಂದ್ಕೊಂಡಿದ್ದಾರೆ. ನಾನು... ಕ್ಷಮಿಸಿದೆ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ವಿಡಿಯೋ ಮುಚ್ಚಿ, ಫೋನನ್ನು ಅವಳ ಕಡೆಗೆ ಸರಿಸಿ, "ಈ ವರ್ಷ ನೀನು ಪಾಸಾಗಲ್ಲ. ಫಲಕ ಎಲ್ಲಾ ನೀನೇ ಇಳಿಸು. ಮೊದಲು ಅವರಿಗೆ ಹೇಳು" ಎಂದರು.

ಮಧ್ಯಾಹ್ನ ಗೀಚಿ ದೊಡ್ಡಮ್ಮನನ್ನು ಎಕ್ಸರೇಗೆ ಕರೆದುಕೊಂಡು ಹೋದಳು. ಚೀಲದಲ್ಲಿ ಸ್ಕ್ರೂಡ್ರೈವರ್ ಇತ್ತು. ದಾರಿಯಲ್ಲಿ ನಾಲ್ಕು ಸಲ ಬಾಯಿ ತೆರೆದಳು, ನಾಲ್ಕು ಸಲವೂ ಬಸ್ಸಿನ ಸದ್ದಿನ ನೆಪ ಸಿಕ್ಕಿತು. ಎಕ್ಸರೇ ಕೋಣೆಯ ಮುಂದೆ ಯಾವ ನೆಪವೂ ಉಳಿಯಲಿಲ್ಲ. ಫೋಟೋ ತೆಗೆಸಿಕೊಂಡು ಹೊರಬಂದ ದೊಡ್ಡಮ್ಮನಿಗೆ, ಸ್ಟೂಲಿನ ಮೇಲೆ ಹತ್ತಿ, ಫಲಕದ ಕಡೆ ಮುಖ ಮಾಡಿಕೊಂಡೇ ಎಲ್ಲವನ್ನೂ ಹೇಳಿದಳು. ಬೆನ್ನು ತಿರುಗಿಸಿ ನಿಂತದ್ದರಿಂದಲೇ ಹೇಳಲಾಯಿತು.

"ಇಳಿ ಕೆಳಗೆ" ಎಂದಳು ದೊಡ್ಡಮ್ಮ ಕೊನೆಗೆ.

ಇಳಿದಳು. ದೊಡ್ಡಮ್ಮ ಎಡಗೈಯಿಂದ ಅವಳ ಗದ್ದ ಹಿಡಿದೆತ್ತಿ, ಕಾಜಾದ ಹೊಲಿಗೆ ನೋಡುವ ಹಾಗೆ ಹತ್ತಿರದಿಂದ ನೋಡಿದಳು. "ಮೂವತ್ತು ವರ್ಷದಿಂದ ಜನರ ಮುಖ ನೋಡಿದ್ದೀನಿ. ನಿನ್ನ ಮುಖದಲ್ಲಿ ಇದೊಂದು ನಂಗೆ ಕಾಣ್ಲೇ ಇಲ್ಲ ನೋಡು." ಗದ್ದ ಬಿಟ್ಟಳು. "ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ ನಂಗೆ. ನಿನ್ನ ಓದು ಹಾಳ್ಮಾಡ್ದೆ ಅಂತ."

ಗೀಚಿ ತಲೆ ತಗ್ಗಿಸಿ ನಿಂತಳು. ಕ್ಷಮಿಸು ಎಂಬ ಮಾತನ್ನು ಹಿಂದಿನ ದಿನವೇ ದೊಡ್ಡಮ್ಮ ಖರ್ಚು ಮಾಡಿಬಿಟ್ಟಿದ್ದಳು. ಇವಳ ಪಾಲಿಗೆ ಏನೂ ಮಿಕ್ಕಿರಲಿಲ್ಲ.

ನೆಲ ಒರೆಸುವ ಹೆಂಗಸು ಬಕೆಟ್ಟು ತಳ್ಳಿಕೊಂಡು ಬಂದವಳು ತಲೆಯೆತ್ತಿ, "ಏನಮ್ಮ, ಬಾಚಣಿಗೆ ಇಳಿಸ್ತಾ ಇದ್ದೀಯಾ?" ಎಂದಳು.

"ಹೌದಕ್ಕ" ಎಂದಳು ಗೀಚಿ. "ನೀವು ಅವತ್ತೇ ಹೇಳಿದ್ರಿ."

ಮತ್ತೆ ಸ್ಟೂಲು ಹತ್ತಿದಳು. ಮೊದಲ ತಿರುಪುಮೊಳೆ ಕಳಚಿ ಬಂತು. ಎಲ್ಲಿಡುವುದೆಂದು ಸುತ್ತ ನೋಡಿದಳು. ದೊಡ್ಡಮ್ಮ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ಇವಳ ಕಡೆ ತಿರುಗಲಿಲ್ಲ. ಆದರೆ ಗುಂಡಿ ಇಸಿದುಕೊಂಡು ರೂಢಿಯಾದ ಎಡ ಅಂಗೈ ಮಾತ್ರ ಮೇಲೆ ಬಂದು ಬಿಚ್ಚಿಕೊಂಡಿತು. ಗೀಚಿ ಆ ಮೊಳೆಯನ್ನು ಅದರಲ್ಲಿಟ್ಟು, ಎರಡನೆಯದಕ್ಕೆ ಕೈ ಹಾಕಿದಳು.