ಅಮ್ಮನ ಅಡುಗೆಮನೆ, ಎರಡನೇ ಮಹಡಿ

ಆಸ್ಪತ್ರೆಯಲ್ಲಿ ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಅಕ್ಕನ ಕೆಲಸ. ಕೀವು, ವಾಂತಿ, ಯಾವುದಕ್ಕೂ ಅವಳು ಮೂಗು ಮುರಿದವಳಲ್ಲ. ಅಂಥವಳಿಗೆ ಆ ದಿನ ನದಿದಂಡೆಯ ಮ್ಯೂಸಿಯಂನ ಎರಡನೇ ಮಹಡಿಯಲ್ಲಿ, ಒಂದು ಕಸದ ಚೂರೂ ಇಲ್ಲದ ಕೋಣೆಯಲ್ಲಿ ಮೂಗು ಮುಚ್ಚಿಕೊಳ್ಳುವ ಹಾಗಾಯಿತು.

ಕಟ್ಟಡವೇನೋ ಭರ್ಜರಿಯಾಗಿಯೇ ಇತ್ತು. ನದಿಯ ಕಡೆಗೆ ನೆಲದಿಂದ ಸೂರಿನವರೆಗೂ ಗಾಜು. ಕೆಳಗೆ ಊರಿನ ಚರಂಡಿಯೆಲ್ಲ ಬಂದು ಸೇರುವ ಕಡೆ ನದಿ ಕಂದು ನೊರೆ ಹೊತ್ತು ತೆವಳುತ್ತಿತ್ತು. ಅದರ ನಾತ ಒಳಗೆ ಬರಬಾರದೆಂದು ಕಿಟಕಿಗಳನ್ನು ತೆರೆಯಲಾಗದ ಹಾಗೆ ಮಾಡಿದ್ದರು. ಇಲ್ಲಿ ನಿಂತರೆ ನದಿಯ ಜೊತೆಗೇ ಇದ್ದಂತೆ ಅನ್ನಿಸುತ್ತದೆ ಎಂದು ಮ್ಯೂಸಿಯಂನ ನಿರ್ದೇಶಕಿ ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಮುಖದಲ್ಲಿ ಸಂಕೋಚದ ಸುಳಿವೂ ಇರಲಿಲ್ಲ.

ಅಕ್ಕನ ತಮ್ಮ ಹೆಸರುವಾಸಿ ಆರ್ಕಿಟೆಕ್ಟ್. ಅವನು ಕಟ್ಟಿದ ಕಟ್ಟಡಗಳ ಪ್ರದರ್ಶನ ಅಂದು ಶುರುವಾಗಲಿತ್ತು. ಮೊದಲ ಕೋಣೆಯಲ್ಲಿ ಅಮ್ಮನ ಅಡುಗೆಮನೆಯನ್ನೇ ತಂದು ಕೂರಿಸಿದ್ದರು. ಅಮ್ಮ ತೀರಿಕೊಂಡ ಮೇಲೆ ಹಳೆಯ ಮನೆ ಕೆಡವುವಾಗ ಅವನು ಆ ಗೋಡೆಗಳನ್ನು ಗರಗಸದಿಂದ ಕೊಯ್ಯಿಸಿ ಮ್ಯೂಸಿಯಂಗೆ ಕೊಟ್ಟಿದ್ದ. ಒಂದು ಗೀರು ಕೂಡ ಅಳಿಸುವುದಿಲ್ಲ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಅಮ್ಮನದೆಂದು ಉಳಿದಿರುವುದು ಅದೊಂದಾದರೂ ಇರಲಿ ಎಂದು ಅವಳು ಹೂಂ ಅಂದಿದ್ದಳು. ಈಗ ಅತಿಥಿಗಳ ಮುಂದೆ ನಿಂತು, ಇದು ನಮ್ಮಮ್ಮನ ಅಡುಗೆಮನೆಯೇ, ಇದ್ದದ್ದು ಇದ್ದ ಹಾಗೇ ಇದೆ ಎಂದು ಅವಳು ಎರಡು ಮಾತು ಹೇಳಬೇಕಿತ್ತು.

ಅವಳು ಒಲೆಯ ಹಿಂದಿನ ಗೋಡೆಯ ಮೇಲೆ ಬೆರಳಾಡಿಸಿದಳು. ಬೆರಳಿಗೆ ಮಸಿ ಅಂಟಲಿಲ್ಲ.

ನಿರ್ದೇಶಕಿ ಇದ್ದದ್ದನ್ನು ನಗುನಗುತ್ತಲೇ ಹೇಳಿಬಿಟ್ಟಳು. ಮ್ಯೂಸಿಯಂಗೆ ಯಾವ ವಸ್ತು ಬಂದರೂ ಮೊದಲು ತೊಳೆದೇ ಒಳಗೆ ಬಿಡುವುದು ಶುಚಿ ವಿಭಾಗದ ಪದ್ಧತಿಯಂತೆ. ಅವರು ಪದ್ಧತಿಯಂತೆ ಗೋಡೆಯನ್ನೂ ಉಜ್ಜಿ ಬೆಳ್ಳಗೆ ಮಾಡಿಟ್ಟಿದ್ದರು. ಬೆಳ್ಳಗಾದ ಮೇಲೆ ಅದು ಅಡುಗೆಮನೆಯ ಹಾಗೆ ಕಾಣಲಿಲ್ಲ. ಅದಕ್ಕೇ ಸಿನಿಮಾ ಸೆಟ್ ಬಳಿಯುವ ಪೇಂಟರ್‌ನನ್ನು ಕರೆಸಿ, ಫೋಟೋ ನೋಡಿಕೊಂಡು ಮಸಿ ಬಳಿಸಿದ್ದರು. ಮೊದಲಿದ್ದದ್ದಕ್ಕಿಂತ ಚೆನ್ನಾಗಿ ಬಂದಿದೆ ಎಂದು ಬೇರೆ ಹೇಳಿದಳು. ಬಾಳೆಲ್ಲ ಹೊಗೆ ಕುಡಿದವಳ ಮಸಿಯನ್ನು ಸೋಪು ಹಾಕಿ ತೊಳೆದು, ಆಮೇಲೆ ಡಬ್ಬಿಯ ಬಣ್ಣ ತಂದು ಬಳಿದಿದ್ದರು.

ಅಕ್ಕ ಒಲೆಯ ಪಕ್ಕ ನೆಲದ ಹತ್ತಿರ ಹುಡುಕಿದಳು. ಅಮ್ಮನ ಮಂಡಿ ಹೋಗಿತ್ತು. ಕೂತಲ್ಲಿಂದ ಏಳುವಾಗಲೆಲ್ಲ ಎಣ್ಣೆಗೈಯನ್ನು ಗೋಡೆಗೆ ಊರಿ, ಅಯ್ಯೋ ಅಂತ ಏಳುತ್ತಿದ್ದಳು. ಊರಿ ಊರಿ ಅಲ್ಲೊಂದು ಜಿಡ್ಡಿನ ಕಲೆಯೇ ಆಗಿತ್ತು. ಈಗ ಅಲ್ಲಿ ಏನೂ ಇರಲಿಲ್ಲ. ಎದೆಯೆತ್ತರದಲ್ಲಿ ಐದೂ ಬೆರಳು ಬಿಡಿಸಿಟ್ಟ ಒಂದು ದೊಡ್ಡ ಅಂಗೈ ಗುರುತು ಮೂಡಿತ್ತು. ಅದರ ಕೆಳಗಿನ ಫಲಕದಲ್ಲಿ ‘ತಾಯಿ ಮನೆಗಿತ್ತ ಆಶೀರ್ವಾದ’ ಎಂದು ಬರೆದಿತ್ತು. ಬರೆದುಕೊಟ್ಟವನು ತಮ್ಮನೇ.

"ಇದ್ಯಾರ ಕೈಯೋ?" ಎಂದು ಪಕ್ಕದಲ್ಲಿದ್ದ ತಮ್ಮನನ್ನು ಕೇಳಿದಳು.

"ಪೇಂಟರ್‌ದು. ಕೆಳಗಿದ್ರೆ ಜನ ಬಗ್ಗಿ ನೋಡಬೇಕಾಗತ್ತೆ ಅಕ್ಕ. ಅದಕ್ಕೇ ಮೇಲೆ ಹಾಕ್ಸಿದ್ದು."

ಕೆಳಗಿದ್ದ ಆ ಕಲೆ ಹೇಗಾಗಿತ್ತೆಂಬುದು ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು. ಅಕ್ಕನಿಗೆ ಮೈಯೆಲ್ಲ ಉರಿದದ್ದು ಅದಕ್ಕೇ. ಸುಳ್ಳು ಹೇಳಿದ್ದರೆ ಎರಡು ಬೈದು ಸುಮ್ಮನಾಗುತ್ತಿದ್ದಳು.

ಅತಿಥಿಗಳು ಬಂದರು. ಎಲ್ಲರೂ ಕಪ್ಪು ಬಟ್ಟೆಯವರು, ಸಾವಿನ ಮನೆಗೆ ಬಂದವರ ಹಾಗೆ ಪಿಸುಗುಟ್ಟುವವರು. ಒಬ್ಬಾಕೆ ಆರಿದ ಒಲೆಯತ್ತ ಬಗ್ಗಿ, ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿ, ಆಹಾ ಅಂದಳು. ಅಲ್ಲಿ ಹೊಗೆಯ ವಾಸನೆಯ ಸ್ಪ್ರೇ ಹೊಡೆದಿದ್ದರು. ಅಕ್ಕ ಅಂಗೈಯಿಂದ ಮೂಗು ಮುಚ್ಚಿಕೊಂಡಳು. ಅಷ್ಟರಲ್ಲಿ ಮೈಕ್ ಅವಳ ಕೈಗೆ ಬಂತು.

"ಇದು ನಮ್ಮಮ್ಮನ ಅಡುಗೆಮನೆ ಅಲ್ಲ," ಎಂದಳು. "ಮಸಿ ಪೇಂಟು. ಕೈ ಯಾವನೋ ಗಂಡಸಿಂದು. ಅಮ್ಮಂಗೆ ಮಂಡಿನೋವು. ನಿಂತ್ಕೊಂಡು ಅಡುಗೆ ಮಾಡೋಕೆ ಒಂದು ಕಟ್ಟೆ ಕಟ್ಟಿಸಿಕೊಡು ಅಂತ ಇವನನ್ನ ಕೇಳ್ತಾನೇ ಇದ್ಲು. ನಾನು ಮೇಸ್ತ್ರಿನ ಕರ್ಕೊಂಡು ಬಂದ್ರೆ ವಾಪಸ್ ಕಳಿಸಿದ. ಯಾವನೋ ಮೇಸ್ತ್ರಿ ಕೈಲಿ ಬೇಡ, ನಾನೇ ಡಿಸೈನ್ ಮಾಡ್ತೀನಿ ಅಂದ. ಅಮ್ಮನೂ ಮಗ ಕಟ್ಟಲಿ ಅಂತ ಕಾದ್ಲು. ಊರಿಗೆಲ್ಲ ಕಟ್ಟಿದ, ಅವಳಿಗೆ ಒಂದು ಕಟ್ಟೆ ಕಟ್ಟಲಿಲ್ಲ. ಸಾಯೋವರೆಗೂ ಗೋಡೆ ಹಿಡ್ಕೊಂಡೇ ಎದ್ಲು."

ಇನ್ನು ತನ್ನನ್ನು ಹೊರಗೆ ಕಳಿಸುತ್ತಾರೆ, ಕಳಿಸಲಿ ಎಂದುಕೊಂಡಳು ಅಕ್ಕ. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟತೊಡಗಿದರು. ಒಲೆ ಮೂಸಿದಾಕೆ ಕಣ್ಣೊರೆಸಿಕೊಂಡಳು. ನಿರ್ದೇಶಕಿ ಓಡಿಬಂದು ಅಕ್ಕನ ಎರಡೂ ಕೈ ಹಿಡಿದು, ಪ್ರದರ್ಶನ ಮುಗಿಯುವವರೆಗೂ ವಾರವಾರ ಬಂದು ಇದನ್ನೇ ಹೇಳಬೇಕು, ಒಂದಕ್ಷರ ಬದಲಿಸಬಾರದು ಎಂದು ಬೇಡಿಕೊಂಡಳು.

ಅಕ್ಕ ಕೈ ಕಿತ್ತುಕೊಂಡು ತಮ್ಮನ ಕಡೆ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು. ತಲೆ ತಗ್ಗಿಸಿ ನಿಂತಿದ್ದ. ನಾಟಿತು, ಇವನೊಬ್ಬನಿಗಾದರೂ ನಾಟಿತು ಎಂದು ಅವಳಿಗೆ ಒಂದು ಗಳಿಗೆ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಫೋಟೋ ತೆಗೆಯುತ್ತಿದ್ದ ಫೋನುಗಳೆಲ್ಲ ಅವನ ಕಡೆ ತಿರುಗಿದವು. ಅವನು ತಲೆಯೆತ್ತಿ, ಎಲ್ಲರನ್ನೂ ಒಮ್ಮೆ ನೋಡಿ, ತಾನೂ ಚಪ್ಪಾಳೆ ತಟ್ಟಿದ.