ಹಾಸಿಗೆಯಡಿಯ ಮೆಟ್ಟುಗತ್ತಿ

"ಕಾಲು ಅಗಲಿಸೇ. ಗಂಡನ ಜೊತೆ ಮಲಗೋವಾಗ ಇಲ್ಲದ ನಾಚಿಕೆ ಈಗ ಬಂತಾ?"

ಸಿಸ್ಟರ್ ತೊಡೆಗೆ ರಪ್ಪನೆ ಹೊಡೆದಳು. ಹೇಮಾವತಿ ಹೆರಿಗೆ ಮಂಚದ ಕಬ್ಬಿಣ ಕಚ್ಚಿ ಹಿಡಿದಿದ್ದಳು. ಡಾಕ್ಟರು ಆಪರೇಷನ್ನಿನ ಒಪ್ಪಿಗೆ ಕಾಗದ ಮುಂದೊಡ್ಡಿದರು. ಸಂಜೆ ಅವರಿಗೆ ತಮ್ಮದೇ ನರ್ಸಿಂಗ್ ಹೋಮಿಗೆ ಹೋಗುವ ಅವಸರ. ಒಮ್ಮೆ ಕೊಯ್ದ ಹೊಟ್ಟೆ, ಹೊಲಿಗೆ ಬಿಚ್ಚಿದರೆ ತಾಯಿಯೂ ಇಲ್ಲ, ಮಗುವೂ ಇಲ್ಲ, ಸಹಿ ಹಾಕು ಎಂದರು.

ಬಿಚ್ಚುವುದೆಂದರೇನೆಂದು ಅವಳಿಗೆ ಗೊತ್ತಿತ್ತು. ಮೊದಲ ಮಗಳು ಬಿಂದುಶ್ರೀಯನ್ನು ಹೊಟ್ಟೆ ಕೊಯ್ದು ತೆಗೆದ ವರ್ಷ, ಹಸಿ ಗಾಯದಲ್ಲೇ ತೋಟದೊಡೆಯ ಮುಕುಂದಯ್ಯನ ಚಪ್ಪರದಲ್ಲಿ ಅಡಿಕೆ ಸುಲಿಯಲು ಕೂತಿದ್ದಳು. ಮೆಟ್ಟುಗತ್ತಿಯ ಹಲಗೆ ಮೆಟ್ಟಿ, ಅಲಗಿಗೆ ಬಾಗಿ ಬಾಗಿ ಮೇಲಿನ ಹೊಲಿಗೆ ಕಿತ್ತು ಕೀವು ಸೋರಿತು. ನಾತ ಹೊಡೀತದೆ, ಎದ್ದು ಹೋಗು ಎಂದು ಅವನು ಎಲ್ಲರೆದುರು ಎಬ್ಬಿಸಿದ್ದ. ಆ ಸುಗ್ಗಿಯಿಡೀ ಅವಳ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು.

ಅದಕ್ಕೇ ಈ ಸಲ ತಿಂಗಳು ತಿಂಗಳು ತಪ್ಪದೆ ತೋರಿಸಿಕೊಂಡಿದ್ದಳು. ಗಾಯ ಕೆಳಗೆ ಅಡ್ಡಕ್ಕಿದೆ, ನಡುವೆ ವರ್ಷಗಳೂ ಕಳೆದಿವೆ, ಮಗುವಿನ ತಲೆ ಇಳಿದಿದೆ, ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯಲ್ಲೇ ಸಹಜ ಹೆರಿಗೆಗೆ ಪ್ರಯತ್ನಿಸಬಹುದು ಎಂದಿದ್ದ ಲೇಡಿ ಡಾಕ್ಟರಿಗೆ ವರ್ಗವಾಗಿತ್ತು.

"ಮಗಿನ ಎದೆಬಡಿತ ಸರಿ ಐತಾ ಡಾಕ್ಟ್ರೇ?"

"ಈಗ ಇದೆ."

"ತಪ್ಪಿದ್ರೆ ಕೊಯ್ರಿ. ಈಗ ಹಾಕಲ್ಲ ಸಹಿ."

ಈ ಜನ ಸತ್ತರೆ ನಮ್ಮ ತಲೆಗೆ ಕಟ್ಟುತ್ತಾರೆ ಎಂದು ಗೊಣಗುತ್ತ ಡಾಕ್ಟರು ಕುರ್ಚಿ ಎಳೆದುಕೊಂಡರು. ಪ್ರತಿ ನೋವಿಗೂ ಅವಳ ಅಂಗೈ ಹಳೇ ಗಾಯದ ಮೇಲಿತ್ತು. ಕತ್ತಲಾಗುವ ಮೊದಲು ಗಂಡು ಮಗು ಅತ್ತಿತು. ಹರಿದದ್ದನ್ನು ಸಿಸ್ಟರ್ ಮರಗಟ್ಟಿಸುವ ಸೂಜಿಯನ್ನೂ ಕೊಡದೆ ಹೊಲಿದಳು.

"ಕೊಯ್ಸಿಕೊಳ್ಳಲ್ಲ ಅಂದ್ಯಲ್ಲ, ತಡ್ಕೋ."

ಮನೆಗೆ ಬಂದ ಮರುದಿನವೇ ಅಂಗಳದಲ್ಲಿ ಮುಕುಂದಯ್ಯನ ಪಿಕಪ್ ನಿಂತಿತು. ಆಳುಗಳು ಹಸಿ ಅಡಿಕೆಯ ಮೂಟೆಗಳನ್ನೂ ಒಂದು ಮೆಟ್ಟುಗತ್ತಿಯನ್ನೂ ಜಗಲಿಗೆ ಹಾಕಿದರು. ಹೆತ್ತ ಮನೆಯ ಮೈಲಿಗೆ ಎಂದು ಅವನು ಮೆಟ್ಟಿಲು ಮುಟ್ಟಲಿಲ್ಲ.

"ಆಪರೇಷನ್ ಆಗ್ಲಿಲ್ಲಂತೆ. ಮತ್ತೆ ಎಂತ ಮಲಗೂದು? ಜಗಲೀಲಿ ಕೂತು ಸುಲೀಲಿ. ಜನ ಸಿಕ್ತಿಲ್ಲೆ."

"ಹಸಿ ಮೈ, ಒಡೇರೆ," ಎಂದಳು ಹೇಮಾವತಿಯ ತಾಯಿ ಹುಲಿಯಮ್ಮ, ಕೈ ಮುಗಿದು.

"ನಿಮ್ಮೋರದ್ದು ಗಟ್ಟಿ ಮೈ ಮಾರಾಯ್ತಿ."

ಪಿಕಪ್ ಹೋದ ಮೇಲೆ ಹೇಮಾವತಿ ಮಲಗಿದಲ್ಲಿಂದಲೇ ಜಗಲಿಯ ಕತ್ತಿ ತರಹೇಳಿದಳು. ಈ ಸ್ಥಿತಿಯಲ್ಲೂ ಕೂರುತ್ತಾಳಲ್ಲ ಎಂದು ಹುಲಿಯಮ್ಮ ಕಣ್ಣೊರೆಸಿಕೊಂಡೇ ತಂದಳು. ಹೇಮಾವತಿ ಅದನ್ನು ಹಾಸಿಗೆಯಡಿ, ತಲೆದಸಿಗೆ ತಳ್ಳಿದಳು. ಬಾಣಂತಿಯ ತಲೆಯಡಿ ಸೇರಿದ ಕಬ್ಬಿಣ ಬಾಣಂತನ ಮುಗಿಯದೆ ಹೊಸಿಲು ದಾಟುವಂತಿಲ್ಲ ಎಂಬುದು ಊರಿನ ಕಟ್ಟು.

ತೀರ್ಥಹಳ್ಳಿ ಕಡೆ ಮದುವೆಗೆ ಹೋಗಿದ್ದ ಮುಕುಂದಯ್ಯ ಮೂರ್ನಾಲ್ಕು ದಿನ ಬಿಟ್ಟು ತಿರುಗಿ ಬರುವಷ್ಟರಲ್ಲಿ ಮೂಟೆಗಳು ಬಿಸಿಯೇರಿ ಹುಳಿನಾತ ಬಿಡುತ್ತಿದ್ದವು.

"ನನ್ನ ಅಡ್ಕೆ ಕೊಳ್ಸಿ ಮಲಗಿದ್ಯನೇ ರಂಡೆ? ಕತ್ತಿ ಆದ್ರೂ ಕೊಡು. ಬೇರೆಯವ್ರು ಸುಲೀತ್ರು."

"ನನ್ ತಲೆದಸಿ ಐತೆ. ಒಳಗ್ ಬಂದು ನೀವೇ ತಗಳಿ."

ಅವನ ಕಾಲು ಮೆಟ್ಟಿಲವರೆಗೆ ಬಂದು ನಿಂತಿತು. ಅವಳು ಬಾಗಿಲತ್ತಲೇ ನೋಡುತ್ತ ಮಗುವಿಗೆ ಇನ್ನೊಂದು ಮೊಲೆ ಕೊಟ್ಟಳು. ಕೆಳಗೆ ಬಟ್ಟೆ ಮತ್ತೆ ಒದ್ದೆಯಾಗುತ್ತಿತ್ತು. ಹೊರಗೆ ಮೂಟೆಗಳಿಂದ ಒಸರಿದ ಕರಿನೀರು ಜಗಲಿಯಿಂದಿಳಿದು ಅವನ ಚಪ್ಪಲಿಯ ಕಡೆ ಹರಿಯುತ್ತಿತ್ತು.